ಬಾವಿ ಪಕ್ಕದ ಕಡಲೆ ಸಾಲುಗಳು

ನಾನು ಹುಟ್ಟಾ ಪುಕ್ಕಲಿ. ಭಾರತದ ಸೈನ್ಯ ನಮ್ಮ ಸೀಮೆಗೆ ಬಂದ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಚಳಿಗಾಲದಲ್ಲಿ ನನಗೆ ಹತ್ತು ವರ್ಷ. ಬಂದೂಕು ಹಿಡಿದ ಕುದುರೆ ಸವಾರರ ತಂಡಗಳು ಊರಿಗೆ ನುಗ್ಗುತ್ತವೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ಸಾಯಗಾಂವದ ಹತ್ತಿರ ನಮ್ಮ ಹೊಲ, ಅದರ ಅಂಚಿಗೇ ಭಾಲ್ಕಿಯ ದಾರಿ. ಅಪ್ಪ ಬೀದರಿನಲ್ಲಿ ಹಮಾಲಿ ಮಾಡುತ್ತಿದ್ದ. ಹೊಲದ ಮನೆಯಲ್ಲಿ ಅವ್ವ, ನಾನು, ಮೂರು ವರ್ಷದ ತಂಗಿ.

ತಂಗಿಯ ಹೊಟ್ಟೆ ಕೆಟ್ಟಿತ್ತು. ಎರಡು ದಿನ ತಡೆದರೆ ಮೂರನೆಯ ದಿನ ಮತ್ತೆ ವಾಂತಿ. ಭಾಲ್ಕಿಯ ಹಕೀಮರ ಬಳಿ ಹೋಗುವ ಧೈರ್ಯ ಯಾರಿಗಿತ್ತು? ಅವ್ವ ನಂಬಿದ್ದು ಕಡಲೆ ಹುಳಿಯನ್ನು. ಸಂಜೆ ಹೊಲದ ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸಿದರೆ ಎಲೆಯ ಹುಳಿ ಇಬ್ಬನಿಯೊಂದಿಗೆ ಅದಕ್ಕಿಳಿಯುತ್ತದೆ. ಬೆಳಿಗ್ಗೆ ಹಿಂಡಿ ಕುಡಿಸುವುದು. ಬಿಳಿ ಧೋತರ ದಾರಿಗೆ ಕಂಡೀತೆಂದು ಅವ್ವ ತನ್ನ ಕಪ್ಪು ಸೀರೆಯನ್ನೇ ಹರಿದಿದ್ದಳು. ಹಾಸುವುದು, ತರುವುದು ನನ್ನ ಕೆಲಸ.

“ದಿನಾ ಹೊಸಾ ಸಾಲಿಗಿ ಹಾಸು. ಒಮ್ಮಿ ಹಾಸಿದ ಗಿಡಕ್ಕ ಎಂಟು ದಿನ ಕೈ ಹಚ್ಚಬ್ಯಾಡ,” ಎಂದಿದ್ದಳು.

ಹೊಸ ಸಾಲೆಂದರೆ ದಿನದಿನಕ್ಕೂ ದಾರಿಯ ಸಮೀಪ. ಅತ್ತ ಹೋಗಲು ನನಗೆ ಅಂಜಿಕೆ. ಮನೆಗಂಟಿದ ಬಾವಿಯ ಪಕ್ಕದ ನಾಲ್ಕು ಸಾಲಿಗೇ ಮತ್ತೆ ಮತ್ತೆ ಹಾಸಿ, “ಆ ಕಡಿ ಹಾಸೇನಿ” ಎಂದು ಸುಳ್ಳು ಹೇಳುತ್ತಿದ್ದೆ.

ಎರಡು ವಾರ ಕಳೆದಿರಬೇಕು. ಅಂದು ಬೆಳಿಗ್ಗೆ ತಂಗಿ ಕಣ್ಣು ತೆರೆಯಲೂ ಆಗದೆ ಬಿದ್ದಿದ್ದಳು. ಅವ್ವ ಹಿಂಡಿದ ನೀರನ್ನು ನಾಲಿಗೆಗೆ ಹಚ್ಚಿಕೊಂಡು, “ಇದು ಬರೇ ನೀರು,” ಎಂದವಳೇ ಬಾವಿಯತ್ತ ನಡೆದಳು. ಆ ನಾಲ್ಕು ಸಾಲಿಗೆ ಬೂದು ಬೂಷ್ಟು ಹಿಡಿದು, ಅಲ್ಲಿಂದ ಪಕ್ಕದ ಸಾಲುಗಳಿಗೂ ಹಬ್ಬಿತ್ತು. ಹಸಿರಾಗಿ ಉಳಿದದ್ದು ದಾರಿಯ ಅಂಚಿನ ಸಾಲುಗಳಷ್ಟೇ. ಗಿಡಗಳೇ ನನ್ನ ಮೇಲೆ ಚಾಡಿ ಹೇಳಿದವು.

“ಹುಳಿ ಅಂದ್ರ ಗಿಡದ ಔಷಧ. ಎಲ್ಲಾ ನಾವ ಒರಸಿಕೊಂಡ್ರ ಅದು ಹ್ಯಾಂಗ ಬದುಕಬೇಕು?” ಎಂದಳು ಅವ್ವ. ಬೈಯಲಿಲ್ಲ.

ಮುಂದೆ ನಾನು ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸಿದೆ. ಕಡಲೆ ಎಲೆಯ ಸಣ್ಣ ರೋಮಗಳ ತುದಿಯಿಂದ ಆಮ್ಲ ಒಸರುತ್ತದೆ, ಬೂಷ್ಟಿನ ಬೀಜಕಣ ಅಲ್ಲಿ ಸುಲಭವಾಗಿ ಮೊಳೆಯದು ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ಆ ನಾಲ್ಕು ಸಾಲುಗಳು ಕಣ್ಣ ಮುಂದೆ ಬರುತ್ತಿದ್ದವು.

ಅಂದು ಇಬ್ಬನಿ ಆರುವ ಮೊದಲೇ ಅವ್ವ ಗಿಡ ಒರಸಲು ಬಟ್ಟೆ ಹಿಡಿದು ದಾರಿಯ ಅಂಚಿಗೆ ಹೋದಳು. ತಂಗಿಯನ್ನು ಮಡಿಲಲ್ಲಿಟ್ಟುಕೊಂಡು ನಾನು ಹೊಸ್ತಿಲಲ್ಲಿ ಕೂತೆ. ದಾರಿಯಲ್ಲಿ ಕುದುರೆಗಳ ಸದ್ದು ಕೇಳಿತು. ಬಗ್ಗಿದ್ದ ಅವ್ವ ಕಾಣದಾದಳು. ತಂಗಿ ನರಳಿದರೆ ಕೇಳೀತೆಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಅವ್ವ ಇನ್ನು ಬರುವುದಿಲ್ಲ, ನನ್ನಿಂದಲೇ ಹೋದಳು ಎಂದು ಒಳಗೊಳಗೇ ಅತ್ತೆ.

ಸದ್ದು ದೂರವಾದ ಮೇಲೆ, ಎದೆಗೆ ಒದ್ದೆ ಬಟ್ಟೆ ಅವುಚಿಕೊಂಡು ಬಂದಳು. ಹಿಂಡುವಾಗ ಅವಳ ಕೈ ಎಷ್ಟು ನಡುಗಿತೆಂದರೆ ಅರ್ಧ ನೆಲಕ್ಕೇ ಹೋಯಿತು. ಉಳಿದದ್ದನ್ನು ತಂಗಿ ಗುಟುಕರಿಸಿದಳು. ಮಧ್ಯಾಹ್ನದವರೆಗೆ ವಾಂತಿಯಾಗಲಿಲ್ಲ, ಮುಂದೆ ಬದುಕಿಕೊಂಡಳು.

“ಅವ್ವಾ, ನೀನೂ ಅಂಜಿದೇನು?” ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. “ನಿನಗಿಂತ ಹೆಚ್ಚು ಅಂಜತೇನಿ. ಅದಕ್ಕ ದಿನಾ ನಿನ್ನ ಕಳಸ್ತಿದ್ದೆ.”