ಹೇಳದೆ ಉಳಿಸಿಕೊಂಡ ಹೆಸರು

ಮೊನ್ನೆ ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುತ್ತಿದ್ದೆ. ಘಮ ಏರುತ್ತಿದ್ದಂತೆ ರಾಜಾಜಿನಗರದ ನಮ್ಮ ಹಳೆಯ ಬಾಡಿಗೆ ಮನೆ ಕಣ್ಣ ಮುಂದೆ ಬಂತು, ಜೊತೆಗೆ ಪಕ್ಕದ ಮನೆಯ ಗೆಳತಿ. ಎಪ್ಪತ್ತರ ದಶಕದ ಮಾತು. ಅಡುಗೆಮನೆ ಕೆಲಸ ಮುಗಿಸಿ ಮಧ್ಯಾಹ್ನ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುತ್ತಿದ್ದಳು. ಅವಳ ಸೆರಗಿನಲ್ಲಿ ಸದಾ ಇದೇ ವಾಸನೆ...

ಮಗನನ್ನು ಕಾನ್ವೆಂಟಿಗೆ ಸೇರಿಸಬೇಕೆಂಬುದು ಅವಳ ಒಂದೇ ಆಸೆ. ಸೀಟು ಬೇಕಾದರೆ ತಾಯಿಯೂ ಸಿಸ್ಟರ್ ಎದುರು ಕೂತು ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕಿತ್ತು. ಗಂಡನಿಗೆ ಬಿನ್ನಿಪೇಟೆ ಕಡೆ ಮಿಲ್ಲಿನಲ್ಲಿ ಪಾಳಿ ಕೆಲಸ, ರಜೆ ಸಿಗದು. ನಾನು ಕಾನ್ವೆಂಟಿನಲ್ಲಿ ಓದಿದವಳು ಅಂತ ಪಾಠದ ಭಾರ ನನ್ನ ಮೇಲೆ ಬಿತ್ತು.

ಕಾಮನ್ ನೌನ್, ಪ್ರಾಪರ್ ನೌನ್‌ಗಳಿಂದ ಶುರು ಮಾಡಿದೆ. ಊರು ಕಾಮನ್, ಮೈಸೂರು ಪ್ರಾಪರ್. ನದಿ ಕಾಮನ್, ಕಾವೇರಿ ಪ್ರಾಪರ್. ಚುರುಕು ಹೆಂಗಸು, ಬೇಗ ಹಿಡಿದಳು. "ಸೊಸೆ ಅನ್ನೋದು ಕಾಮನ್ನು. ನಮ್ಮತ್ತೆ ಬೈಯೋವಾಗ ಕೂಗ್ತಾರಲ್ಲ, ಅದು ಪ್ರಾಪರ್ರು!" ಎಂದು ನಕ್ಕಳು.

"ಸರಿ, ಹಸ್ಬೆಂಡ್ ಕಾಮನ್. ಪ್ರಾಪರ್ ಹೇಳಿ ನೋಡೋಣ," ಅಂದೆ.

ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅದೊಂದು ಬಿಡಿ. ಗಂಡನ ಹೆಸರು ಹೇಳಿದ್ರೆ ಅವರ ಆಯಸ್ಸು ಕಡಿಮೆ ಆಗುತ್ತೆ ಕಣ್ರೀ."

ಗಂಡನ ಹೆಸರು ಗಣೇಶ. ಅವಳ ಬಾಯಲ್ಲಿ ಗಣೇಶನ ಹಬ್ಬ ಕೂಡ 'ಕಡುಬಿನ ಹಬ್ಬ'. ಬೇಡಿಕೊಂಡೆ, ಗದರಿದೆ, ಪುಸ್ತಕ ಮುಚ್ಚಿಟ್ಟು ಮುನಿಸಿಕೊಂಡೂ ನೋಡಿದೆ... ಊಹೂಂ.

ಸಂದರ್ಶನದ ದಿನ ನಾನು ಶಾಲೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಕಿಟಕಿ ತೆರೆದಿತ್ತು. ಊರು, ರಸ್ತೆ, ಅತ್ತೆಯ ಹೆಸರು, ಎಲ್ಲವನ್ನೂ ತಡವರಿಸದೆ ಹೇಳಿದಳು. ಆಮೇಲೆ ಸಿಸ್ಟರ್ ಗಂಡನ ಹೆಸರು ಕೇಳಿದರು. ಮತ್ತೆ ಕೇಳಿದರು.

"ಮೈ ಸನ್ಸ್ ಫಾದರ್, ಸಿಸ್ಟರ್."

ಎದುರಿಗಿದ್ದ ಅರ್ಜಿಯಲ್ಲಿ ಆ ಹೆಸರು ಇತ್ತು, ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ! ಸಿಸ್ಟರ್ ಪೆನ್ನಿನ ಮುಚ್ಚಳ ಹಾಕಿದರು. ತಾಯಿಗೆ ಇಂಗ್ಲಿಷ್ ಸಾಲದು ಎಂದು ಸೀಟು ಕೊಡಲಿಲ್ಲ.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಒಂದು ಹೆಸರು ರೀ! ಮಗನ ಸೀಟಿಗಿಂತ ಹೆಚ್ಚಾಯ್ತಾ?"

"ಅವರಿಗೇನಾದ್ರೂ ಆದ್ರೆ ಸೀಟು ಇಟ್ಕೊಂಡು ಏನ್ಮಾಡ್ಲಿ ಹೇಳಿ?" ಅಂದಳು. ಮಗನ ಅಂಗಿಯ ಕಾಲರನ್ನು ಸುಮ್ಮನೆ ಸರಿಮಾಡುತ್ತಲೇ ಇದ್ದಳು. ಮಾರನೆಯ ದಿನದಿಂದ ಪಾಠಕ್ಕೆ ಬರಲಿಲ್ಲ. ಆಮೇಲೆ ಅವರು ಕೆಂಗೇರಿ ಕಡೆಗೆ ಮನೆ ಬದಲಾಯಿಸಿದರು...

ಈಗ ಅವಳಿಲ್ಲ. ವಿಷಯ ತಿಳಿಸಲು ಕಳೆದ ವರ್ಷ ಗಂಡನೇ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಎಂಬತ್ತು ದಾಟಿರಬೇಕು. ಕೈಯಲ್ಲಿ ಕೋಲಿಲ್ಲ, ಬೆನ್ನು ಬಾಗಿಲ್ಲ.

"ನಮ್ಮನೆಯವಳು ಹೋಗ್ಬಿಟ್ಲು ಕಣಮ್ಮ," ಅಂದರು.

ಹೆಸರು ಹೇಳುತ್ತಾರೇನೋ ಎಂದು ಕಾದೆ. "ಒಳ್ಳೇ ಹೆಂಗ್ಸು," ಅಂದರು, ಅಷ್ಟೇ.

ಅವಳ ಹೆಸರು ಹೇಳಿ, ಒಂದೇ ಒಂದು ಸಲ ಹೇಳಿ ಎಂದು ಕಿರುಚಬೇಕೆನಿಸಿತು. ಕಾಫಿಗೆ ಸಕ್ಕರೆ ಹಾಕಬಹುದಾ ಎಂದು ಕೇಳಿದೆ.