ಮೂರು ಮಹಡಿಗೊಮ್ಮೆ ನಿಲ್ಲುವ ಲಿಫ್ಟು

ಜನ ಒಬ್ಬರನ್ನೊಬ್ಬರು ದಿನಾ ನೋಡಿದರೆ ಸಾಕು, ಪ್ರೀತಿ ತಾನಾಗಿ ಹುಟ್ಟುತ್ತದೆ ಎಂದು ನಂಬಿದವಳು ಅವಳು. ಬೆಳೆದದ್ದು ವಠಾರದಲ್ಲಿ. ನಲ್ಲಿಯ ಮುಂದೆ ಅವಳಮ್ಮ ಕೊಡ ಹಿಡಿದು ಆಡಿದ ಜಗಳಗಳನ್ನೆಲ್ಲ ಮರೆತು, ಅಲ್ಲಿದ್ದ ಜನರನ್ನಷ್ಟೇ ನೆನಪಿಟ್ಟುಕೊಂಡಿದ್ದಳು. ಮುಂದೆ ಆರ್ಕಿಟೆಕ್ಟ್ ಆಗಿ, ಇಕ್ಕಟ್ಟಾದ ಜಾಗದಲ್ಲಿ ನೂರಾರು ಮನೆಗಳ ಕಟ್ಟಡಕ್ಕೆ ನಕ್ಷೆ ಬರೆಯುವಾಗ ಲಿಫ್ಟನ್ನು ಮೂರು ಮಹಡಿಗೊಮ್ಮೆ ಮಾತ್ರ ನಿಲ್ಲಿಸಿದಳು. ಉಳಿದ ಮಹಡಿಯವರು ಹತ್ತಲಿ, ಇಳಿಯಲಿ, ಮೆಟ್ಟಿಲಲ್ಲಿ ಎದುರಾಗಿ ಮಾತಾಡಲಿ ಎಂದು. ತಿರುವಿನಲ್ಲಿ ಕೂರಲು ಅಗಲವಾದ ಕಟ್ಟೆಯನ್ನೂ ಕಟ್ಟಿಸಿದಳು. ಊರಿಗೆಲ್ಲ ಬುದ್ಧಿ ಹೇಳಿ ತಾನು ಬೇರೆ ಕಡೆ ಇದ್ದರೆ ಚೆನ್ನಾಗಿರದೆಂದು, ಲಿಫ್ಟು ನಿಲ್ಲದ ಮಹಡಿಯಲ್ಲೇ ಮನೆ ಕೊಂಡು ಗಂಡ, ಅತ್ತೆಯೊಡನೆ ಬಂದಳು. ನಕ್ಷೆ ತನ್ನದೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಜನ ಎದುರಾದರು, ಮಾತಾಡಿದರು. ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕೂತು, ನಕ್ಷೆ ಬರೆದವನನ್ನು ಒಕ್ಕೊರಲಿನಿಂದ ಬೈದರು.

"ಅವನಿಗೆ ಮಂಡಿ ಅನ್ನೋದೇ ಇಲ್ವೇನೋ!" ಎನ್ನುವರು ಕೆಳಮನೆಯ ಟೈಲರಮ್ಮ, ಬಟ್ಟೆಗಂಟು ಇಳಿಸುತ್ತ.

"ನನ್ನ ಕ್ಲಾಸಲ್ಲಿದ್ದಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ," ಎನ್ನುವರು ನಿವೃತ್ತರಾದ ಮೇಷ್ಟ್ರು.

ಮೊದಮೊದಲು ಅವಳ ಎದೆ ಚುರುಕ್ಕೆನ್ನುತ್ತಿತ್ತು. ಒಂದು ಸಂಜೆ ಧೈರ್ಯ ಮಾಡಿ, "ಮೆದುಳಿರೋ ಕಡೆ ಸಿಮೆಂಟು ತುಂಬ್ಕೊಂಡಿದ್ದಾನೆ," ಎಂದು ತಾನೂ ಸೇರಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವಳಿಗೆ ಕಟ್ಟೆಯಲ್ಲಿ ಜಾಗ, ಮನೆಯಲ್ಲಿ ಹುಷಾರಿಲ್ಲದಿದ್ದರೆ ವಿಚಾರಿಸುವವರು, ಹರಿದ ಚೀಲ ಹೊಲಿದುಕೊಡುವವರು. ವಠಾರ ಬಿಟ್ಟಮೇಲೆ ಇಷ್ಟು ಜನ ತನ್ನವರಾದದ್ದು ಇದೇ ಮೊದಲು. ಅವಳಿಗೆ ಬಹಳ ಸುಖವಾಗಿತ್ತು, ಗುಟ್ಟು ರಟ್ಟಾದರೆ ಎಲ್ಲವೂ ಹೋಯಿತೆಂಬ ಭಯವೂ ಅಷ್ಟೇ ಇತ್ತು.

ಅತ್ತೆಯ ಮಂಡಿ ಊದಿಕೊಂಡ ವಾರ ಕಟ್ಟೆಯವರು ಒಂದು ತೀರ್ಮಾನಕ್ಕೆ ಬಂದರು. ಎಲ್ಲ ಮಹಡಿಯಲ್ಲೂ ಲಿಫ್ಟು ನಿಲ್ಲಬೇಕು. ಗೋಡೆ ಒಡೆದು ಬಾಗಿಲಿಡಲು ಆರ್ಕಿಟೆಕ್ಟನ ಒಪ್ಪಿಗೆ ಬೇಕು.

"ನೀವೇ ಹೋಗಿ ಮಾತಾಡ್ಕೊಂಡು ಬನ್ನಿ," ಎಂದರು ಮೇಷ್ಟ್ರು ಅವಳಿಗೆ.

ಪಕ್ಕದಲ್ಲಿ ಅತ್ತೆ ಮಂಡಿ ನೀವಿಕೊಳ್ಳುತ್ತಿದ್ದರು. ಅವಳಿಗೆ ತಡೆಯಲಾಗಲಿಲ್ಲ. "ಎಲ್ಲೂ ಹೋಗ್ಬೇಕಾಗಿಲ್ಲ ಮೇಷ್ಟ್ರೇ. ಬರೆದೋಳು ನಾನೇ."

ಯಾರೂ ಬೆಚ್ಚಲಿಲ್ಲ.

"ಗೊತ್ತಮ್ಮ," ಎಂದರು ಟೈಲರಮ್ಮ. "ಬಂದ ದಿನಾನೇ ನಿಮ್ಮತ್ತೆ ಹೇಳಿದ್ರು. ಅದಕ್ಕೇ ನೀವು ಬರೋವರೆಗೂ ಕಾದು ಬೈತಿದ್ವಿ. ಬೆನ್ನ ಹಿಂದೆ ಆಡೋ ಜನ ಅಲ್ಲ ನಾವು."

ಗುಂಪಿನಲ್ಲಿ ತಾನೂ ಒಬ್ಬಳೆಂದು ಬೀಗಿದ್ದವಳಿಗೆ ಕಣ್ಣು ತುಂಬಿ ಬಂತು. ಇಡೀ ಕಟ್ಟಡ ಒಂದಾಗಿ ಕಾಪಾಡಿಕೊಂಡ ಗುಟ್ಟಿನಿಂದ ಹೊರಗಿದ್ದವಳು ಅವಳೊಬ್ಬಳೇ. ಅತ್ತೆಯ ಕಡೆ ತಿರುಗಿದಳು.

"ನೀನೂ ಸೇರ್ಕೊಂಡು ಎಷ್ಟು ಚೆನ್ನಾಗಿ ಬೈತಿದ್ದೆ! ನಿಲ್ಸೋಕೆ ಯಾರಿಗೂ ಮನಸ್ಸು ಬರ್ಲಿಲ್ಲ," ಎಂದರು ಅತ್ತೆ.

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾಳೇನೇ ಒಪ್ಪಿಗೆ ಕೊಡ್ತೀನಿ."

"ಅಷ್ಟು ಅವಸರ ಏನಿಲ್ಲ," ಮೇಷ್ಟ್ರ ದನಿ ಸ್ವಲ್ಪ ಇಳಿದಿತ್ತು. "ಲಿಫ್ಟು ಸರಿಹೋದ್ರೆ ಸಂಜೆ ಹೊತ್ತು ನಾವು ಯಾರನ್ನ ಬೈಯೋದು?"

"ನನ್ನ ಸೊಸೇನ ಲಿಫ್ಟಲ್ಲಿ ನಿಂತೂ ಬೈಬಹುದು," ಎಂದರು ಅತ್ತೆ. "ಮೊದ್ಲು ಬಾಗಿಲು ಇಡಿಸಿ."