ಮೊಳೆಯಲ್ಲಿದ್ದ ಟೇಪು

“ಅಮ್ಮಾ, ಮೊಲ ಸತ್ತೇ ಹೋಯ್ತಲ್ಲ? ಮತ್ತೆ ಟೇಲರ್ ತಾತ ಯಾಕೆ ಇನ್ನೂ ‘ಟೇಪ್ ಎಲ್ಲೀ’ ಅಂತ ಕೂಗ್ತಾರೆ? ಕೂಗಿ, ಎದ್ದು ಒಳಗೆ ಹೋಗಿ ಏನು ನೋಡ್ತಾರೆ?”

ಸಾಕ್ಸ್ ಹಾಕಿಸಿಕೊಳ್ಳುತ್ತ ಮಗಳು ಕೇಳಿದಳು. “ಇನ್ನೊಂದು ಕಾಲು ಕೊಡು” ಎಂದೆ. ಈಗ ಅವಳು ಸ್ಕೂಲಿಗೆ ಹೋಗಿದ್ದಾಳೆ. ವಾಷಿಂಗ್ ಮಷೀನು ನಿಲ್ಲುವುದರೊಳಗೆ ಅವಳಿಗೆ ಉತ್ತರವನ್ನು ಆದಷ್ಟು ಬರೆದಿಡುತ್ತೇನೆ.

ನಮ್ಮ ಮನೆಯ ಕೆಳಗೇ ತಾತನ ಮನೆ. ರಸ್ತೆಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಪರದೆ, ಸೋಫಾ ಕವರು, ದಿಂಬಿನ ಚೀಲ ಹೊಲಿಯುತ್ತಾರೆ. ಅದರ ಹಿಂದೆ ನಡುಮನೆ, ನಡುಮನೆಯಾಚೆ ಒಂದು ಸಣ್ಣ ಕೋಣೆ. ಅಲ್ಲಿ ಕೂತು ಅಜ್ಜಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದರು. ಇಡೀ ಬೀದಿಯ ಹೆಂಗಸರ ಮೈ ಅಳತೆ ಅವರಿಗೆ ಬಾಯಿಪಾಠವಾಗಿತ್ತಂತೆ. ಮರೆವು ಶುರುವಾಗಿ, ತೋಳಿರಬೇಕಾದಲ್ಲಿ ಕಾಲರು ಕೂರಿಸತೊಡಗಿದಾಗ ತಾತ ಅವರ ಮಷೀನಿನ ಬೆಲ್ಟು ಬಿಚ್ಚಿಟ್ಟರು. ಅದರ ಬದಲು ಮಡಿಲಿಗೊಂದು ಬಿಳಿ ಮೊಲ ತಂದುಕೊಟ್ಟರು. ಕೈಗೆ ಏನಾದರೂ ಕೆಲಸ ಬೇಕಲ್ಲ. ಅಜ್ಜಿ ಅದಕ್ಕೆ ಉಂಡೆ ಎಂದು ಹೆಸರಿಟ್ಟರು. ನನ್ನ ಹೆಸರು ಮರೆತರು, ತಾತನ ಹೆಸರೂ ಮರೆತರು, ಉಂಡೆಯ ಹೆಸರು ಮರೆಯಲಿಲ್ಲ.

ಆಮೇಲೆ ಬಂದದ್ದು ಬಾಣ. ತಾತನ ಭಾವಮೈದ, ಅಂದರೆ ಅಜ್ಜಿಯ ತಮ್ಮ, ಬೇಟೆಗೆಂದೇ ಸಾಕಿದ್ದ ನಾಯಿ. ಆತ ತೀರಿಕೊಂಡ ಮೇಲೆ ಅದನ್ನು ಕೇಳುವವರಿರಲಿಲ್ಲ. ಪಕ್ಕೆಲುಬು ಎಣಿಸಬಹುದಾದ ಮೈ, ಉದ್ದ ಮೂತಿ. ರಸ್ತೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಾರಿದರೂ ಮೈಯೆಲ್ಲ ಬಿಗಿದ ತಂತಿ. ಬಂದ ದಿನವೇ ಅಜ್ಜಿ ಅದರ ಕಿವಿಗೆ ಮೂಗಿಟ್ಟು, “ನನ್ ತಮ್ಮನ ವಾಸನೆ” ಎಂದರು. ಅದನ್ನು ಬೇರೆಡೆ ಕಳಿಸುವ ಮಾತು ಅಲ್ಲಿಗೇ ಮುಗಿಯಿತು.

“ಏನ್ ಟೇಲರೇ, ಮೊಲ ಹಿಡಿಯೋ ನಾಯೀನೂ ಮೊಲಾನೂ ಒಂದೇ ಸೂರಿನಡಿ ಇಟ್ಕೊಂಡಿದೀರಾ? ನಿಮಗೂ ಅಜ್ಜಿ ಕಾಯಿಲೆ ಹತ್ತಿತಾ?” ಎಂದು ಎದುರಿನ ಕಟ್ಟಡದ ಕಾವಲುಗಾರ ರೇಗಿಸಿದ.

“ಹತ್ತಿದ್ರೆ ಮೊದಲು ನಿನ್ ಮುಖ ಮರೀತೀನಿ ಬಿಡಯ್ಯ” ಎಂದರು ತಾತ.

ಆದರೆ ಒಳಗೊಳಗೇ ಅವರಿಗೆ ಭಯವಿತ್ತು. ಅದಕ್ಕೇ ಆ ಟೇಪಿನ ಕಟ್ಟಳೆ. ಬಟ್ಟೆಯ ಅಳತೆಗೆ ಬೇಕಾದ ಟೇಪನ್ನು ಕತ್ತರಿಸುವ ಮೇಜಿಗೇ ದಾರದಿಂದ ಬಿಗಿದರು. ಇನ್ನೊಂದು ಹಳದಿ ಟೇಪನ್ನು ಅಂಗಡಿಯ ಗೋಡೆಯ ಮೊಳೆಗೆ ನೇತುಹಾಕಿದರು. ಟೇಪು ಮೊಳೆಯಲ್ಲಿದ್ದರೆ ಮೊಲ ಆ ಸಣ್ಣ ಕೋಣೆಯೊಳಗಿದೆ, ಬಾಣ ಮನೆಯೆಲ್ಲ ಓಡಾಡಬಹುದು. ಮೊಲವನ್ನು ಹೊರತೆಗೆಯುವವರು ಮೊದಲು ಬಾಣನನ್ನು ಕಟ್ಟಿಹಾಕಬೇಕು, ಆಮೇಲೆ ಆ ಟೇಪನ್ನು ಕೊರಳಿಗೆ ಹಾಕಿಕೊಳ್ಳಬೇಕು. ಬೇರೆ ಏನೇ ನಿಯಮ ಮಾಡಿದ್ದರೂ ಅಜ್ಜಿ ಮರೆಯುತ್ತಿದ್ದರು. ಕೊರಳಿಗೆ ಟೇಪು ಹಾಕುವುದು ಮಾತ್ರ ಜೀವಮಾನದ ಅಭ್ಯಾಸ. ಅದನ್ನು ತಲೆ ಮರೆತರೂ ಕೈ ಮರೆಯುವುದಿಲ್ಲ ಎಂದು ತಾತನ ಲೆಕ್ಕ.

ತಾತ ಆಗಾಗ ಮಷೀನು ನಿಲ್ಲಿಸಿ ಕೂಗುತ್ತಿದ್ದರು, “ಟೇಪ್ ಎಲ್ಲೀ?”

“ಮೊಳೇಲೀ!” ಅಥವಾ “ಕೊರಳಲ್ಲೀ!” ಎಂದು ಒಳಗಿಂದ ಉತ್ತರ ಬರುತ್ತಿತ್ತು. ನನ್ನ ಮಗಳು ಮೇಲಿನಿಂದಲೇ ದನಿ ಸೇರಿಸುತ್ತಿದ್ದಳು. ಬಾಣ ಮುಚ್ಚಿದ ಬಾಗಿಲಿಗೆ ಮೂತಿಯಿಟ್ಟು ಮಲಗುತ್ತಿತ್ತು. “ನೋಡ್ರೀ, ಪಾಪ, ಉಂಡೇನ ಕಾಯ್ತಿದೆ” ಎನ್ನುತ್ತಿದ್ದರು ಅಜ್ಜಿ. “ಹ್ಞೂಂ, ಕಾಯ್ತಾನೇ ಇದೆ” ಎನ್ನುತ್ತಿದ್ದರು ತಾತ.

ಆ ಮಧ್ಯಾಹ್ನ ನಾನು ಮೇಲೆ ಬಟ್ಟೆ ಮಡಚುತ್ತಿದ್ದೆ. ಕೆಳಗೆ ಮಷೀನು ನಿಂತಿತು.

“ಟೇಪ್ ಎಲ್ಲೀ?”

“ಕೊರಳಲ್ಲೀ!”

ತಾತ ಜೋರಾಗಿ ನಕ್ಕಿದ್ದು ಕೇಳಿಸಿತು. ಮಷೀನು ಮತ್ತೆ ಓಡಿತು. ಆಮೇಲೆ ಅಜ್ಜಿಯ ಒಂದು ಕೂಗು. ನಾನು ಬರಿಗಾಲಲ್ಲೇ ಮೆಟ್ಟಿಲಿಳಿದೆ.

ನಡುಮನೆಯಲ್ಲಿ ಅಜ್ಜಿ ಖಾಲಿ ಕೈ ಚಾಚಿಕೊಂಡು ಕೂತಿದ್ದರು. ಕೊರಳಲ್ಲಿ ಟೇಪು ಇತ್ತು. ಹಳದಿಯದಲ್ಲ, ತಮ್ಮ ಹಳೆಯ ಹೊಲಿಗೆ ಡಬ್ಬಿಯ ತಳದಿಂದ ತೆಗೆದ, ಅಂಕಿಗಳೆಲ್ಲ ಅಳಿಸಿಹೋದ ಬಿಳಿ ಟೇಪು. ಹಳದಿಯದು ಅಂಗಡಿಯ ಮೊಳೆಯಲ್ಲೇ ನೇತಾಡುತ್ತಿತ್ತು. ಬಾಣ ಉಂಡೆಯನ್ನು ಬಾಯಲ್ಲಿ ಹಿಡಿದು ತಂದು ತಾತನ ಕಾಲ ಬಳಿ, ಪೆಡಲಿನ ಪಕ್ಕ ಮೆಲ್ಲಗೆ ಇಟ್ಟಿತ್ತು. ಇಟ್ಟು, ಬಾಲ ಅಲ್ಲಾಡಿಸುತ್ತ ಅವರ ಮುಖವನ್ನೇ ನೋಡುತ್ತಿತ್ತು. ಭಾವಮೈದನಿಗೂ ಹಾಗೇ ತಂದುಕೊಡುತ್ತಿತ್ತಂತೆ, ಅವನು ಬೆನ್ನು ತಟ್ಟುತ್ತಿದ್ದನಂತೆ. ತಾತ ಕೈಯೆತ್ತಿದರು. ಹೊಡೆಯುತ್ತಾರೆ ಎಂದುಕೊಂಡೆ. ಕೈ ಅದರ ತಲೆಯ ಮೇಲೆ ಹೋಗಿ ಸುಮ್ಮನೆ ಕೂತಿತು.

ಪರದೆಯ ಬಟ್ಟೆಯಲ್ಲಿ ಸುತ್ತಿ, ಹಿತ್ತಲಲ್ಲಿ ನಾವಿಬ್ಬರೇ ಮಣ್ಣು ಮಾಡಿದೆವು. “ಮೊಳೇಲಿ ಟೇಪು ಕಣ್ಣೆದುರಿಗೇ ಇತ್ತಮ್ಮ” ಎಂದರು ತಾತ. “ಅವಳು ಕೊರಳಲ್ಲಿ ಅಂದ್ಳು. ಮರೆವು ಮುದುಕಿ, ಏನೋ ಒದರ್ತಾಳೆ ಅಂತ ನಕ್ಕುಬಿಟ್ಟೆ. ಅವಳು ಹೇಳಿದ್ದು ನಿಜ. ಆವತ್ತು ತಪ್ಪಿದ್ದು ನಾನೊಬ್ಬನೇ.”

ಅಜ್ಜಿ ಸಂಜೆಗೆ ಎಲ್ಲ ಮರೆತು, “ಉಂಡೆ ಎಲ್ರೀ?” ಎಂದರು. ತಾತ ಇದ್ದದ್ದನ್ನು ಹೇಳಿದರು. ಅಜ್ಜಿ ಎದೆ ಹಿಡಿದುಕೊಂಡು ಅತ್ತರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಅಳು, ಆಗ ತಾನೇ ಸತ್ತ ಹಾಗೆ. ಮುಂದಿನ ಸಲ ಕೇಳಿದಾಗ ತಾತ, “ಒಳಗೆ ಮಲಗಿದೆ ಕಣೇ” ಎಂದುಬಿಟ್ಟರು. ಅವತ್ತಿನಿಂದ ಅದು ಮಲಗೇ ಇದೆ.

ನಾಯಿಯನ್ನು ಹೊಡೆದಟ್ಟಿ ಎಂದವರಿದ್ದಾರೆ. ತಾತ ಕಿವಿಗೇ ಹಾಕಿಕೊಂಡಿಲ್ಲ. ಅಜ್ಜಿಯ ಕೈ ಈಗ ತಡವುವುದು ಅದರ ಬೆನ್ನನ್ನೇ.

ತಾತ ಕೂಗುವುದನ್ನು ನಿಲ್ಲಿಸಲು ನೋಡಿದ್ದರು. “ಯಾಕ್ರೀ ಟೇಪು ಕೇಳ್ಲಿಲ್ಲ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಎಂದು ಅಜ್ಜಿ ಕಂಗಾಲಾದರು. ಹಾಗಾಗಿ ಈಗಲೂ ಕೂಗುತ್ತಾರೆ. ಮೊಳೇಲಿ ಎಂದರೆ ಹೊಲಿಗೆ ಮುಂದುವರಿಯುತ್ತದೆ. ಕೊರಳಲ್ಲಿ ಎಂದರೆ ಅರ್ಧ ಹೊಲಿಗೆಯಲ್ಲೇ ಸೂಜಿ ಬಿಟ್ಟು ಏಳುತ್ತಾರೆ. ಬಾಣನನ್ನು ಕಟ್ಟಿ, ಒಳಗೆ ಹೋಗುತ್ತಾರೆ. ಅಲ್ಲಿ ಅಜ್ಜಿ ತಮ್ಮ ಮಡಿಲನ್ನೇ ಸವರುತ್ತ ಕೂತಿರುತ್ತಾರೆ. ಮಗಳೇ, ತಾತ ನೋಡುವುದು ಅದನ್ನೇ. ನೋಡಿ, ಸೆರಗೋ ಕೂದಲೋ ಸರಿಮಾಡಿ ಬರುತ್ತಾರೆ.

ನಿನ್ನೆ ತಾತ ಮೆಟ್ಟಿಲು ಹತ್ತಿ ಬಂದರು. ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಗೆ ಹೋಗಬೇಕಂತೆ, ಅಲ್ಲೇ ಉಳಿಯಬೇಕಂತೆ. ಅಜ್ಜಿಯ ಊಟ, ಬಾಣನ ಊಟ, ಮಾತ್ರೆ, ಗ್ಯಾಸಿನ ನಲ್ಲಿ ಎಲ್ಲ ನಾನೇ ಹೇಳಿ ಮುಗಿಸಿದೆ. ಅಷ್ಟಕ್ಕೂ ಹ್ಞೂಂ ಹ್ಞೂಂ ಎಂದರು. ಬಾಗಿಲ ಬಳಿ ಹೋಗಿ, ಹೊಸ್ತಿಲ ಮೇಲೆ ನಿಂತರು.

“ಇನ್ನೊಂದೇ ಒಂದು, ಮಗಳೇ. ಆಗಾಗ ಟೇಪ್ ಎಲ್ಲಿ ಅಂತ ಕೇಳು. ಅವಳು ಕೊರಳಲ್ಲಿ ಅಂದ್ರೆ, ಮೊಳೇಲಿರೋದು ಕಣ್ಣಿಗೆ ಕಾಣ್ತಿದ್ರೂ ನಗಬೇಡಮ್ಮ. ಎದ್ದು ಹೋಗಿ ನೋಡು.”